ಬೆಳಗಾವಿಯಿಂದ ಬರೋಡಾಕ್ಕೆ ಮೊಮ್ಮಗಳನ್ನು ನೋಡಲು: ರೈಲು, ಕಾರು, ಕ್ಯಾರವಾನ್

ಬೆಳಗಾವಿಯಿಂದ ಬರೋಡಾಕ್ಕೆ ಹೆಚ್ಚುಕಡಿಮೆ 900 ಕಿ.ಮೀ. ನಮ್ಮ ಮಗಳನ್ನು ಕೊಟ್ಟಿದ್ದು ಅಲ್ಲಿಗೆ. ಈ ದಾರಿಯಲ್ಲಿ ರೈಲಿಗೂ ಹೋಗಿದ್ದೇವೆ, ನಮ್ಮ ಕಾರಿನಲ್ಲೂ ಹೋಗಿದ್ದೇವೆ. ಈ ಸಲ ಮೊಮ್ಮಗಳು ಹುಟ್ಟಿದಾಗ ಕ್ಯಾರವಾನ್, ಅಂದರೆ ಒಳಗೇ ಹಾಸಿಗೆ, ಶೌಚಾಲಯ ಇರುವ ಗಾಡಿ, ಬಾಡಿಗೆಗೆ ಹಿಡಿದುಕೊಂಡು ಹೋದೆವು. ವಾಪಸ್ ಬಂದಾಗಿನಿಂದ ಓಣಿಯವರು, ಬೀಗರು, ನೆಂಟರು ಎಲ್ಲರೂ ಕೇಳುವುದು ಒಂದೇ: "ಅಷ್ಟು ರೊಕ್ಕ ಕೊಟ್ಟಿದ್ದಕ್ಕ ಬರೋಬರಿ ಆತೇನ್ರಿ?" ಆಯಿತು, ಆದರೆ ಎಲ್ಲರಿಗೂ ಆಗುವುದಿಲ್ಲ. ಜೊತೆಗೆ ಯಾರು ಬರುತ್ತಾರೆ, ಏನು ಒಯ್ಯಬೇಕು ಅನ್ನುವುದರ ಮೇಲೆ ಹೋಗುತ್ತದೆ.

ಮೊದಲ ಹೆರಿಗೆ ನಮ್ಮಲ್ಲೇ, ತವರಲ್ಲೇ ಆಗಿತ್ತು. ಎರಡನೆಯದಕ್ಕೆ ಮಗಳು ಬರುವ ಹಾಗಿರಲಿಲ್ಲ. ದೊಡ್ಡವನ ಶಾಲೆ, ಅವಳ ನೌಕರಿ. ಹಾಗಾಗಿ ಬಾಣಂತನವೇ ಬೆಳಗಾವಿಯಿಂದ ಬರೋಡಾಕ್ಕೆ ಹೋಗಬೇಕಾಯಿತು. ಅಂದರೆ ಅಂಟಿನುಂಡೆ, ಅಳ್ವಿ, ಬಜೆ, ಬಾಣಂತಿ ಖಾರ, ಉತ್ತತ್ತಿ, ಒಣಕೊಬ್ಬರಿ, ಕುಲಾವಿ, ಹಳೇ ಸೀರೆಗಳಲ್ಲಿ ಹೊಲಿದ ಕೌದಿ. ಇದರ ಮೇಲೆ ತೊಟ್ಟಿಲು. ನಮ್ಮದು ಕಲಘಟಗಿಯ ಬಣ್ಣದ ಮರದ ತೊಟ್ಟಿಲು, ನಮ್ಮನೆಯವರನ್ನೂ ಮಲಗಿಸಿದ್ದು. ನಮ್ಮಲ್ಲಿ 13ನೇ ದಿನ ಮಗುವನ್ನು ತೊಟ್ಟಿಲಿಗೆ ಹಾಕುತ್ತೇವೆ. ಅಷ್ಟರಲ್ಲಿ ಅದು ಅಲ್ಲಿರಬೇಕು. ಇನ್ನೊಂದು ದೊಡ್ಡ ಸಂಗತಿ ನಮ್ಮ ಅತ್ತೆಯವರು. ಎಂಬತ್ತು ದಾಟಿದೆ, ಎರಡೂ ಮೊಣಕಾಲು ನೋವು, ಕೆಳಗೆ ಕೂರಲಾಗುವುದಿಲ್ಲ. "ನನ್ನ ಬಿಟ್ಟು ಹೋಗಬ್ಯಾಡ್ರಿ, ಕೂಸಿನ ಮಾರಿ ನಾನೂ ನೋಡಬೇಕು" ಅಂದುಬಿಟ್ಟರು. ವಿಮಾನ ಹತ್ತುವುದಿಲ್ಲ ಎಂದು ಮೊದಲಿನಿಂದಲೂ ಹಟ. ಆ ಮಾತು ಅಲ್ಲಿಗೇ ಮುಗಿಯಿತು.

ರೈಲಿನ ಬಗ್ಗೆ ಮೊದಲು ಹೇಳುತ್ತೇನೆ, ಯಾಕಂದರೆ ಗಂಡಹೆಂಡತಿ ಇಬ್ಬರೇ ಹೋಗುವುದಾದರೆ ಇವತ್ತಿಗೂ ನನಗೆ ರೈಲೇ ಸೈ. ಮೈಸೂರು–ಅಜ್ಮೇರ್ ಎಕ್ಸ್‌ಪ್ರೆಸ್ ಬೆಳಗಾವಿ, ಮೀರಜ್, ಪುಣೆ, ಸೂರತ್ ಮೇಲೆ ಹಾಯ್ದು ಬರೋಡಾಕ್ಕೆ ಹೋಗುತ್ತದೆ. ನಡುವೆ ಗಾಡಿ ಬದಲಿಸುವ ರಗಳೆ ಇಲ್ಲ. 45 ದಾಟಿದ ಹೆಂಗಸರಿಗೆ, 60 ದಾಟಿದ ಗಂಡಸರಿಗೆ ಕೆಳಗಿನ ಬರ್ತ್ ಸಿಗುವ ಅವಕಾಶ ಜಾಸ್ತಿ. ಹಿರಿಯ ನಾಗರಿಕರ ರಿಯಾಯಿತಿ ಮಾತ್ರ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಬಂದಿಲ್ಲ. ಅದು ಬರಲೇಬೇಕು. ಪಿಂಚಣಿಯಲ್ಲಿ ಬದುಕುವವರಿಗೆ ಅದು ಸಣ್ಣ ಮೊತ್ತ ಅಲ್ಲ.

ಆದರೆ ಹೆರಿಗೆಗೂ ರೈಲಿಗೂ ಒಂದು ವಿಷಯದಲ್ಲಿ ಕೂಡಿಬರುವುದಿಲ್ಲ. 2024ರ ನವೆಂಬರ್ 1ರಿಂದ 60 ದಿನ ಮೊದಲಷ್ಟೇ ಬುಕ್ಕಿಂಗ್ ತೆರೆಯುತ್ತದೆ. ಆ ಗಾಡಿ ದಿನಾ ಓಡುವುದೂ ಇಲ್ಲ. ಕೂಸು ಡಾಕ್ಟರು ಕೊಟ್ಟ ತಾರೀಖು ನೋಡಿ ಹುಟ್ಟುತ್ತದಾ? ಎರಡು ಮೂರು ತಾರೀಖಿಗೆ ಟಿಕೆಟ್ ತೆಗೆದಿಟ್ಟು ಬೇಡವಾದದ್ದನ್ನು ರದ್ದು ಮಾಡಬೇಕು. ತಲೆಗೆ ಇಷ್ಟು ಅಂತ ಹಿಡಿದುಕೊಳ್ಳುತ್ತಾರೆ. ಇಲ್ಲವೇ ತತ್ಕಾಲ್. ಸಾಮಾನಿನ ಲೆಕ್ಕವೂ ಇದೆ. ಎಸಿ 3 ಟೈರ್‌ನಲ್ಲಿ ಒಬ್ಬರಿಗೆ 40 ಕೆ.ಜಿ., 2 ಟೈರ್‌ನಲ್ಲಿ 50 ಕೆ.ಜಿ. ಪುಕ್ಕಟೆ. ತೂಕಕ್ಕೆ ಸರಿಹೋದರೂ ಮರದ ತೊಟ್ಟಿಲು ಬರ್ತ್ ಕೆಳಗೆ ಹೋಗುವುದಿಲ್ಲ. ಅತ್ತೆಯವರಿಗಂತೂ ಓಡುವ ಗಾಡಿಯಲ್ಲಿ ರಾತ್ರಿ ಎದ್ದು ಒದ್ದೆ ನೆಲದ ಮೇಲೆ ನಡೆದು ಶೌಚಕ್ಕೆ ಹೋಗುವುದು ಆಗದ ಮಾತು. ಬೋಗಿಯಲ್ಲಿ ಕಮೋಡ್ ಇದೆ ನಿಜ, ಅಲ್ಲಿಯ ತನಕ ಹೋಗುವುದೇ ಅವರ ಕಷ್ಟ.

ಸ್ವಂತ ಕಾರಿನಲ್ಲಿ ದಾರಿ ಸರಳ. ಬೆಳಗಾವಿಯಿಂದ ಬರೋಡಾ ತನಕ ಹೆಚ್ಚಿನ ದಾರಿ ರಾಷ್ಟ್ರೀಯ ಹೆದ್ದಾರಿ 48ರ ಮೇಲೆಯೇ. ನಿಪ್ಪಾಣಿ, ಕೊಲ್ಲಾಪುರ, ಕರಾಡ, ಸಾತಾರಾ, ಪುಣೆ, ಮುಂಬೈ ಹೊರವಲಯ, ವಾಪಿ, ವಲಸಾಡ್, ಭರೂಚ್, ಬರೋಡಾ. ಖಾಸಗಿ ಕಾರಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ. ಶುರುವಾದಾಗ ಅದಕ್ಕೆ 3,000 ರೂಪಾಯಿ ಇತ್ತು. 200 ಸಲ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಟೋಲ್ ಖರ್ಚು ಬಹಳ ಇಳಿಯುತ್ತದೆ. ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇ ರಾಜ್ಯದ ನಿಗಮದ್ದು, ಅಲ್ಲಿ ಈ ಪಾಸ್ ನಡೆಯುವುದಿಲ್ಲ. ಅಲ್ಲಿನ ಟೋಲ್ ಬೇರೆ ಕಟ್ಟಬೇಕು.

ಕಷ್ಟ ಇರುವುದು ಗಾಡಿ ಓಡಿಸುವವರಿಗೆ. ನಮ್ಮನೆಯವರು ನಿವೃತ್ತರಾದವರು, ಕೈ ಚೆನ್ನಾಗಿದೆ. ಆದರೂ ಸಾತಾರಾ ದಾಟಿ ಖಂಬಾಟ್ಕಿ ಸುರಂಗದಿಂದ ಹೊರಬಂದು ಇಳಿಯುವಾಗ ಎಸ್ ಆಕಾರದ ತಿರುವು ಇದೆಯಲ್ಲ, ಅಲ್ಲಿ ಆದ ಅಪಘಾತಗಳ ಸುದ್ದಿ ನಾವೆಲ್ಲ ಓದಿದವರೇ. ಅದನ್ನು ದಾಟಿದ ಮೇಲೆ ಪುಣೆ ಬೈಪಾಸ್‌ನ ದಟ್ಟಣೆ, ಆಮೇಲೆ ಬೋರ್‌ಘಾಟ್, ಆಮೇಲೆ ಠಾಣೆಯ ಘೋಡ್‌ಬಂದರ್ ರಸ್ತೆ. ಒಬ್ಬರೇ ಓಡಿಸಿದರೆ ಕತ್ತು, ಸೊಂಟ ಹಿಡಿದುಕೊಳ್ಳುತ್ತದೆ. ನಡುವೆ ರಾತ್ರಿ ಹೋಟೆಲ್ ಬೇಕು, ಹಿರಿಯರಿದ್ದರೆ ಲಿಫ್ಟ್ ಇರುವ ಹೋಟೆಲ್ಲೇ ಬೇಕು. ತೊಟ್ಟಿಲನ್ನು ಬಿಚ್ಚಿ ಕಾರಿನ ಮೇಲೆ ಕಟ್ಟಬಹುದಿತ್ತು. ಬಣ್ಣದ ಕೆಲಸಕ್ಕೆ ಬಿಸಿಲು, ಮಳೆ, ಹಗ್ಗದ ಉಜ್ಜು ಆಗುವುದಿಲ್ಲ ಎಂದು ನಾನೇ ಬೇಡ ಅಂದೆ.

ಇನ್ನು ಕ್ಯಾರವಾನ್. ಬೆಳಗಾವಿಯಲ್ಲಿ ಹುಡುಕಿದರೂ ನಮಗೆ ಸಿಗಲಿಲ್ಲ, ಪುಣೆಯಿಂದ ತರಿಸಿದೆವು. ಟ್ರಾವೆಲರ್ ಗಾಡಿಯ ಒಳಗನ್ನು ಬದಲಿಸಿ ಮಾಡಿದ್ದು. ಹಿಂದೆ ಅಗಲವಾದ ಹಾಸಿಗೆ, ನಡುವೆ ಉದ್ದನೆಯ ಸೋಫಾ, ಸಣ್ಣ ಫ್ರಿಡ್ಜ್, ಕೈತೊಳೆಯುವ ಬೇಸಿನ್, ಒಂದು ಪುಟ್ಟ ಶೌಚಾಲಯ. ಚಾಲಕರು ಅವರದ್ದೇ.

ನಿಜ ಹೇಳಬೇಕೆಂದರೆ ನಾವು ದುಡ್ಡು ಕೊಟ್ಟಿದ್ದು ಆ ಶೌಚಾಲಯಕ್ಕೆ. ಕಮೋಡ್, ಪಕ್ಕದಲ್ಲಿ ಹಿಡಿ, ಬೇಕೆಂದಾಗ ಗಾಡಿ ನಿಲ್ಲಿಸಿದರೆ ನಾಲ್ಕು ಹೆಜ್ಜೆ. ಮೊದಲೆಲ್ಲ ಅತ್ತೆಯವರು ದೂರದ ಪ್ರಯಾಣ ಅಂದರೆ ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದರು. ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಹೀಗೇ ಮಾಡುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಈ ಸಲ ದಾರಿಯುದ್ದಕ್ಕೂ ನೀರು ಕುಡಿದರು, ಮಜ್ಜಿಗೆ ಕುಡಿದರು, ಚಹಾ ಕೇಳಿದರು. ನನಗೆ ಅಷ್ಟು ಸಾಕಾಗಿತ್ತು. ಶೌಚಾಲಯದ ತೊಟ್ಟಿ ಸಣ್ಣದು, ಸರಿಯಾದ ಜಾಗದಲ್ಲೇ ಖಾಲಿ ಮಾಡಬೇಕು. ಅದಕ್ಕೇ ಅದನ್ನು ಅವರೊಬ್ಬರಿಗೇ ಬಿಟ್ಟು, ನಾವು ಪೆಟ್ರೋಲ್ ಪಂಪಿನದ್ದನ್ನು ಬಳಸಿದೆವು.

ಎರಡನೆಯ ಲಾಭ ನಿಲ್ಲುವ ಸ್ವಾತಂತ್ರ್ಯ. ಅತ್ತೆಯವರು ಹಳೇ ಬಾಗಲಕೋಟೆಯವರು. ಅವರು ಹುಟ್ಟಿದ ಓಣಿ ಆಲಮಟ್ಟಿ ಹಿನ್ನೀರಿನಲ್ಲಿ ಹೋಗಿದೆ. ಕರಾಡದಲ್ಲಿ ಕೊಯ್ನಾ ಬಂದು ಕೃಷ್ಣೆಯನ್ನು ಕೂಡುತ್ತದೆ ಎಂದು ನಮ್ಮನೆಯವರು ಹೇಳಿದ್ದೇ ತಡ, "ನಮ್ಮ ಕೃಷ್ಣಾ ಹೊಳಿನಾ? ನಿಲ್ಲಸ್ರಿ" ಅಂದರು. ಗಾಡಿಯನ್ನು ಹೊರಗೆ ನಿಲ್ಲಿಸಿ ಆಟೋದಲ್ಲಿ ಪ್ರೀತಿಸಂಗಮಕ್ಕೆ ಕರೆದುಕೊಂಡು ಹೋದೆವು. ಎರಡೂ ನದಿ ಎದುರುಬದುರು ಬಂದು ಕೂಡಿ ಪಕ್ಕಕ್ಕೆ ತಿರುಗುವ ಜಾಗ ಅದು. ಅವರು ಬಹಳ ಹೊತ್ತು ಕುಳಿತರು. ಈ ನೀರೇ ನಮ್ಮೂರಿಗೆ ಹೋಗುತ್ತದೆ ಎಂದು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡರು. ವಾಪಸ್ ಬಂದು ಗಾಡಿಯಲ್ಲೇ ಗಂಜಿ ಕಾಯಿಸಿಕೊಟ್ಟೆ, ಉಂಡು ಮಲಗಿದರು. ರೈಲಿನಲ್ಲಿ ಇದು ಸಾಧ್ಯವಿಲ್ಲ. ಕಾರಿನಲ್ಲಾದರೆ ಅಲ್ಲಿಂದ ಮುಂದೆ ದಿನವಿಡೀ ಕೂತೇ ಇರಬೇಕಿತ್ತು.

ಅಡುಗೆ ಅಂದರೆ ಜಾಸ್ತಿ ಕಲ್ಪಿಸಿಕೊಳ್ಳಬೇಡಿ. ಗಾಡಿ ನಿಂತಾಗ ಮಾತ್ರ ಒಲೆ, ಓಡುವಾಗ ಸಿಲಿಂಡರ್ ಬಂದ್. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಮನೆಯಿಂದಲೇ ಹೋಗಿತ್ತು. ಹಾಲು, ಗಂಜಿ, ಅನ್ನ ಇಷ್ಟೇ ಅಲ್ಲಿ ಮಾಡಿದ್ದು.

ತೊಂದರೆಗಳೂ ಇವೆ. ಹಿಂದಿನ ಹಾಸಿಗೆ ಹಿಂಚಕ್ರಕ್ಕಿಂತ ಆಚೆ ಇರುತ್ತದೆ, ಸಣ್ಣ ಉಬ್ಬಿಗೂ ಎತ್ತಿ ಹಾಕುತ್ತದೆ. ಮೇಲಾಗಿ ಓಡುವ ಗಾಡಿಯಲ್ಲಿ ಮಲಗುವುದು ಸುರಕ್ಷಿತವೇ ಅಲ್ಲ, ಬ್ರೇಕ್ ಹಾಕಿದರೆ ಹಿಡಿಯುವುದು ಏನೂ ಇರುವುದಿಲ್ಲ. ಓಡುವಾಗ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸುತ್ತಿದ್ದೆವು. ಆಗಾಗ ನಿಲ್ಲಿಸಿ ಸ್ವಲ್ಪ ಹೊತ್ತು ಮಲಗಿಸುತ್ತಿದ್ದೆವು. ಹೀಗಾಗಿ ಕಾರಿಗಿಂತ ನಿಧಾನ. ಬೇಗ ಮುಟ್ಟಬೇಕು ಅನ್ನುವವರು ಈ ಗಾಡಿ ಹಿಡಿಯಬಾರದು. ಬಾಗಿಲ ಮೆಟ್ಟಿಲು ಎತ್ತರ, ಮನೆಯಿಂದ ಗಟ್ಟಿ ಸ್ಟೂಲ್ ಒಯ್ದದ್ದು ಒಳ್ಳೆಯದಾಯಿತು. ರಾತ್ರಿ ಎಸಿ ಓಡಬೇಕಾದರೆ ಹೊರಗಿನ ಕರೆಂಟ್ ಬೇಕು. ಲೋಣಾವಳಾ ಹತ್ತಿರದ ಒಂದು ಹೋಟೆಲ್ ಅಂಗಳದಲ್ಲಿ ಪ್ಲಗ್ ಕೊಟ್ಟರು, ಆರಾಮಾಗಿ ಮಲಗಿದೆವು. ಮರುರಾತ್ರಿ ಗುಜರಾತಿನಲ್ಲಿ ನಿಂತ ಜಾಗದಲ್ಲಿ ಕರೆಂಟ್ ಇರಲಿಲ್ಲ. ಬ್ಯಾಟರಿ ನಡುರಾತ್ರಿಗೆ ಇಳಿದುಹೋಯಿತು. ಬ್ಯಾಟರಿ ಹಳೆಯದು ಎಂದು ಬಾಡಿಗೆಗೆ ಕೊಟ್ಟವರು ಮೊದಲೇ ಹೇಳಬೇಕಿತ್ತು. ಸೆಕೆಯಲ್ಲಿ ಮುದುಕಿಯನ್ನು ಕೂರಿಸಿಕೊಂಡು ಬೆಳಗು ಮಾಡಿದ ಸಿಟ್ಟು ನನಗೆ ಇನ್ನೂ ಇದೆ.

ದುಡ್ಡಿನಲ್ಲಿ ಮೂರರಲ್ಲೂ ಇದೇ ದುಬಾರಿ, ಅದರಲ್ಲಿ ಎರಡು ಮಾತಿಲ್ಲ. ಲೆಕ್ಕ ಗಾಡಿ ನಿಲ್ಲುವ ಊರಿನಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ಪುಣೆ–ಬೆಳಗಾವಿ ಸುಮಾರು 340 ಕಿ.ಮೀ., ಬರುವುದು ಹೋಗುವುದು ಸೇರಿ 680 ಕಿ.ಮೀ. ಖಾಲಿ ಓಡಿದ್ದಕ್ಕೂ ನಾವೇ ಕೊಟ್ಟೆವು. ದಿನಕ್ಕೆ ಇಷ್ಟು ಕಿ.ಮೀ. ಎಂದು ಕನಿಷ್ಠ ಬಾಡಿಗೆ ಇರುತ್ತದೆ. ಮೇಲೆ ಚಾಲಕರ ಬತ್ತೆ, ಮಿನಿಬಸ್ ದರದ ಟೋಲ್. ಬರೋಡಾದಲ್ಲಿ ಇಳಿಸಿ ಕಳಿಸಿದರೂ ವಾಪಸ್ಸಿನ ದುಡ್ಡು ತಪ್ಪುವುದಿಲ್ಲ. ಅದಕ್ಕೇ ತೊಟ್ಟಿಲ ಕಾರ್ಯ ಮುಗಿಯುವ ತನಕ ನಿಲ್ಲಿಸಿಕೊಂಡು, ಅದರಲ್ಲೇ ನಮ್ಮನೆಯವರು ಅತ್ತೆಯವರನ್ನು ಕರೆದುಕೊಂಡು ಬಂದರು. ತೊಟ್ಟಿಲು ಒಂದು ಗೀರೂ ಬೀಳದೆ ಮುಟ್ಟಿತ್ತು. ಹೆಸರಿಡುವ ದಿನ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳಿದ್ದು ಅತ್ತೆಯವರೇ.

ನಾನು ಬಾಣಂತನಕ್ಕೆ ಉಳಿದೆ. ಮಗಳು, ಕೂಸನ್ನು ಕರೆದುಕೊಂಡು ಬೆಳಗಾವಿಗೆ ಹೊರಡುವಾಗ ಅಳಿಯಂದಿರು "ಮತ್ತೆ ಕ್ಯಾರವಾನ್ ತರಿಸೋಣವೇ?" ಎಂದರು. ನಾನು ಒಪ್ಪಲಿಲ್ಲ. ಕೂಸನ್ನು ತೊಡೆಯ ಮೇಲೆ ಹಿಡಿದುಕೊಂಡರೆ ಆಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಗಾಡಿ ಗಕ್ಕನೆ ನಿಂತರೆ ಯಾವ ತಾಯಿಯ ಕೈಯಲ್ಲೂ ಅಷ್ಟು ಬಲ ಇರುವುದಿಲ್ಲ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಬೇಕು ಎಂದು 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 194ಬಿ ಕಲಂ ಸೇರಿಸಿದ್ದಾರೆ, ಇಲ್ಲದಿದ್ದರೆ 1,000 ರೂಪಾಯಿ ದಂಡ. ಎಳೆ ಕೂಸಿನ ಸೀಟನ್ನು ಹಿಮ್ಮುಖವಾಗಿ, ಮುಂದಕ್ಕೆ ಮುಖಮಾಡಿದ ಸೀಟಿಗೇ ಕಟ್ಟಬೇಕು. ಕ್ಯಾರವಾನ್‌ನ ಅಡ್ಡ ಸೋಫಾಕ್ಕೆ ಅದನ್ನು ಕಟ್ಟಲು ಬರುವುದಿಲ್ಲ. ಹಾಗಾಗಿ ರೈಲಿನಲ್ಲೇ ಬಂದೆವು. ಎಸಿ 2 ಟೈರ್‌ನಲ್ಲಿ ಕೆಳಗಿನ ಬರ್ತ್, ಹಾಲು ಕುಡಿಸುವಾಗ ಎಳೆಯಲು ಪರದೆ, ಬಿಸಿನೀರಿನ ಫ್ಲಾಸ್ಕ್. ಕೂಸು ಮೀರಜ್ ಬರುವ ತನಕ ಬಹಳಷ್ಟು ಹೊತ್ತು ನಿದ್ದೆಯಲ್ಲೇ ಇತ್ತು. ಬರುವ ತಾರೀಖು ನಮ್ಮ ಕೈಯಲ್ಲೇ ಇದ್ದುದರಿಂದ 60 ದಿನದ ಬುಕ್ಕಿಂಗ್ ಕೂಡ ಅಡ್ಡಿಯಾಗಲಿಲ್ಲ.

ಮೊಮ್ಮಗಳ ವರ್ಷದ ಹುಟ್ಟುಹಬ್ಬ ಬರೋಡಾದಲ್ಲೇ. ಅತ್ತೆಯವರು ಈಗಲೇ ತಯಾರು. ಅವರು ಬರುವುದಾದರೆ ಕ್ಯಾರವಾನ್‌ಗೇ ಹೇಳುತ್ತೇವೆ. ಆದರೆ ಮುಂಗಡ ಕೊಡುವ ಮೊದಲು ಬ್ಯಾಟರಿ ಯಾವಾಗ ಹಾಕಿಸಿದ್ದು, ಮುಂದಕ್ಕೆ ಮುಖಮಾಡಿದ ಬೆಲ್ಟ್ ಸೀಟುಗಳು ಎಷ್ಟು, ತೊಟ್ಟಿ ಎಲ್ಲಿ ಖಾಲಿ ಮಾಡುತ್ತೀರಿ ಎಂದು ಕೇಳಿ ಬರೆಸಿಕೊಳ್ಳುತ್ತೇವೆ. ರಾತ್ರಿ ನಿಲ್ಲುವ ಎರಡೂ ಜಾಗಕ್ಕೆ ಫೋನ್ ಮಾಡಿ ಪ್ಲಗ್ ಇದೆಯಾ ಎಂದು ಮೊದಲೇ ಖಾತ್ರಿ ಮಾಡಿಕೊಂಡೇ ಹೊರಡುತ್ತೇವೆ.