ಆರು ವರ್ಷ ಬಳಸಿದ ಮೇಲೆ: ಹ್ಯಾಮ್ ಕೆಲಸಕ್ಕೆ ಹಳೆ ಮೋಟೊರೋಲಾ ಜಿಎಂ300

ಜಿಎಂ300 ಅಂದರೆ ಗಾಡಿಯಲ್ಲಿ ಕೂರಿಸುವ ವೈರ್‌ಲೆಸ್ ಸೆಟ್. ನಾನು ಅದನ್ನು ಹ್ಯಾಮ್‌ಗೆ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ಮಾಡುವ ರೇಡಿಯೊ ಮಾತುಕತೆಗೆ, ಬಳಸುತ್ತಿದ್ದೇನೆ. ಸೆಟ್ ಮನೆಗೆ ಬಂದ ದಿನ ಪವರ್ ಕೊಟ್ಟೆ. ಚಾನಲ್ ನಂಬರ್ ಹೊತ್ತಿಕೊಂಡಿತು. ಸದ್ದು ಮಾತ್ರ ಇಲ್ಲ. ಸಿಗ್ನಲ್ ಇಲ್ಲದಾಗ ಗೊರಗೊರ ಸದ್ದನ್ನು ತಡೆಯುವ ಸ್ಕ್ವೆಲ್ಚ್ ಪೂರ್ತಿ ತೆರೆದರೂ ಗಪ್‌ಚಿಪ್. ಕೆಟ್ಟ ಸೆಟ್ ಕೊಟ್ಟುಬಿಟ್ಟರು ಅಂತಲೇ ಅಂದುಕೊಂಡೆ.

ಕೆಟ್ಟಿರಲಿಲ್ಲ. ಹಿಂದುಗಡೆ 16 ಪಿನ್‌ನ ಸಾಕೆಟ್ ಇದೆ. ಅದರಲ್ಲಿ 15 ಮತ್ತು 16ನೇ ಪಿನ್ ಸೇರಿಸಿದರೆ ಮಾತ್ರ ಒಳಗಿನ ಸ್ಪೀಕರ್ ಮಾತಾಡುತ್ತದೆ. ಗಾಡಿಯಿಂದ ಬಿಚ್ಚುವಾಗ ಯಾರೋ ಆ ಪ್ಲಗ್ ಕಿತ್ತು ಇಟ್ಟುಕೊಂಡಿದ್ದರು. ಎರಡು ಪಿನ್ ನಡುವೆ ಒಂದು ಸಣ್ಣ ತಂತಿ ಸಿಕ್ಕಿಸಿದೆ, ಸೊರ್ ಅಂತ ಸದ್ದು ಬಂತು. ಹೊರಗಿನ ಸ್ಪೀಕರ್ ಹಾಕುವವರಿಗೆ ಒಂದು ಮಾತು: ಸ್ಪೀಕರ್‌ನ ಎರಡು ತಂತಿಗಳಲ್ಲಿ ಯಾವುದನ್ನೂ ಗ್ರೌಂಡ್‌ಗೆ ತಾಗಿಸಬೇಡಿ. ಆಡಿಯೊ ಆಂಪ್ಲಿಫೈಯರ್ ಸುಟ್ಟುಹೋಗುತ್ತದೆ.

ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಒಂದೇ, ಲೇಬಲ್ ಓದುವುದು. ವಿಎಚ್‌ಎಫ್ ಜಿಎಂ300 ಎರಡು ತರಹ ಬಂದಿದೆ. ಒಂದು 136ರಿಂದ 162 ಮೆಗಾಹರ್ಟ್ಸ್, ಇನ್ನೊಂದು 146ರಿಂದ 174. ಹ್ಯಾಮ್‌ಗಳು ಬಳಸುವ 2 ಮೀಟರ್ ಬ್ಯಾಂಡ್ ಶುರುವಾಗುವುದೇ 144ರಲ್ಲಿ, ಹಾಗಾಗಿ ನಮಗೆ ಮೊದಲನೆಯದೇ ಬೇಕು. ಎರಡನೆಯದನ್ನು ಕೆಳಗೆ ಎಳೆಯಲು ಹೋದರೆ ಫ್ರೀಕ್ವೆನ್ಸಿ ಹುಟ್ಟಿಸುವ ಸಿಂಥಸೈಸರ್ ಲಾಕ್ ಆಗದೆ ಸತಾಯಿಸಬಹುದು. ಲಾಕ್ ಆದರೂ ರಿಸೀವರ್‌ನ ಮುಂಭಾಗ ಬೇರೆ ಕಡೆಗೆ ಟ್ಯೂನ್ ಆಗಿರುತ್ತದೆ. ಸುಮ್ನೆ ತಲೆನೋವು. ಚಾನಲ್ ಅಂತರವನ್ನೂ ನೋಡಿಕೊಳ್ಳಿ. ನನ್ನದು 25 ಕಿಲೋಹರ್ಟ್ಸ್‌ನದು, ಹ್ಯಾಮ್ ಬಳಕೆಗೆ ಅದೇ ಅನುಕೂಲ.

ನಿಜವಾದ ಪರೀಕ್ಷೆ ಪ್ರೋಗ್ರಾಮಿಂಗ್, ಅಂದರೆ ಕಂಪ್ಯೂಟರ್‌ನಿಂದ ಸೆಟ್‌ಗೆ ಚಾನಲ್‌ಗಳನ್ನು ತುಂಬುವುದು. ಇದರ ಸಾಫ್ಟ್‌ವೇರ್ ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ್ದು. ಪ್ರೊಸೆಸರ್ ವೇಗ ಇಷ್ಟೇ ಅಂತ ನಂಬಿಕೊಂಡು ಅದು ಸಮಯ ಅಳೆಯುತ್ತದೆ. ಹೊಸ ಕಂಪ್ಯೂಟರ್‌ನಲ್ಲಿ ಲೆಕ್ಕ ತಪ್ಪುತ್ತದೆ, ಸೆಟ್ ಜೊತೆಗಿನ ಮಾತುಕತೆ ನಡುವೆ ನಿಂತುಹೋಗುತ್ತದೆ. ರೀಡ್ ಮಾಡುವಾಗ ನಿಂತರೆ ಪರವಾಗಿಲ್ಲ. ರೈಟ್ ಮಾಡುವಾಗ ನಿಂತರೆ ಸೆಟ್‌ನ ಮೆಮೊರಿಯೇ ಹಾಳಾಗಬಹುದು. ಮೂಲೆಯಲ್ಲಿದ್ದ ನಿಧಾನದ ಲ್ಯಾಪ್‌ಟಾಪ್ ಹುಡುಕಿ ತೆಗೆದೆ. ಅದರಲ್ಲಿ ನಿಜವಾದ ಸೀರಿಯಲ್ ಪೋರ್ಟ್ ಇತ್ತು. ಜೊತೆಗೆ ರಿಬ್ ಬಾಕ್ಸ್ ಬೇಕು. ಕಂಪ್ಯೂಟರ್‌ನ ವೋಲ್ಟೇಜನ್ನು ಸೆಟ್‌ಗೆ ಒಗ್ಗುವಂತೆ ಇಳಿಸಿಕೊಡುವ ಸಣ್ಣ ಡಬ್ಬಿ ಅದು. ಇವೆಲ್ಲ ಸೇರಿದ ಮೇಲೆ ಒಂದೇ ಏಟಿಗೆ ಕೆಲಸ ಆಯಿತು.

ಮೊದಲು ರೀಡ್ ಮಾಡಿ, ಹಳೆ ಫೈಲನ್ನು ಎರಡು ಕಡೆ ಉಳಿಸಿಕೊಳ್ಳಿ. ಆಮೇಲೆ ಹಳೆ ಚಾನಲ್‌ಗಳನ್ನೆಲ್ಲ ಅಳಿಸಿ. ಅವು ಬೇರೆಯವರ ಲೈಸೆನ್ಸಿನ ಫ್ರೀಕ್ವೆನ್ಸಿಗಳು. ಗೊತ್ತಿಲ್ಲದೆ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದರೂ ತಪ್ಪು ನಮ್ಮದೇ ಅಲ್ವಾ. ಟೈಮ್-ಔಟ್ ಕೂಡ ನೋಡಿ, ಅಷ್ಟು ಹೊತ್ತು ಮಾತಾಡಿದರೆ ಸೆಟ್ ತಾನೇ ಪ್ರಸಾರ ನಿಲ್ಲಿಸುತ್ತದೆ. ನನ್ನ ಸೆಟ್‌ನಲ್ಲಿ 60 ಸೆಕೆಂಡಿಗೆ ಇಟ್ಟಿದ್ದರು. ಮೊದಲ ವಾರ ರಿಪೀಟರ್‌ನಲ್ಲಿ (ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಬಿಡುವ ಸ್ಟೇಷನ್) ಮಾತಾಡುತ್ತಿದ್ದಾಗ ಮಧ್ಯದಲ್ಲೇ ಕಟ್ ಆಗುತ್ತಿತ್ತು. ಇದೇ ಕಾರಣ ಅಂತ ಗೊತ್ತಾಗದೆ ಆಂಟೆನಾ ಕೇಬಲ್ ಬಿಚ್ಚಿ ಕಟ್ಟಿ ಎರಡು ಸಂಜೆ ಕಳೆದೆ. ಎಲ್ಲ ಮುಗಿದ ಮೇಲೆ ಆಂಟೆನಾ ಬದಲು ಪವರ್ ನುಂಗುವ ಡಮ್ಮಿ ಲೋಡ್ ಹಾಕಿ, ಸೆಟ್ ಬಿಸಿಯಾಗಲು ಬಿಟ್ಟು, ಫ್ರೀಕ್ವೆನ್ಸಿ ಅಳೆಯುವ ಕೌಂಟರ್‌ನಲ್ಲಿ ನೋಡಿ ಸರಿಪಡಿಸಿಕೊಳ್ಳಿ. ಫ್ರೀಕ್ವೆನ್ಸಿಗೆ ಆಧಾರವಾದ ಹಳೆಯ ಕ್ರಿಸ್ಟಲ್ ಸ್ವಲ್ಪ ಸರಿದಿರಬಹುದು.

ಇಷ್ಟು ಕಷ್ಟಪಟ್ಟಿದ್ದಕ್ಕೆ ಏನು ಸಿಕ್ಕಿತು? ರಿಸೀವರ್. ಪಕ್ಕದಲ್ಲಿ ದೊಡ್ಡ ಟ್ರಾನ್ಸ್‌ಮಿಟರ್ ಇದ್ದರೆ ನನ್ನ ಕೈ ಸೆಟ್ ಗೊರಗೊರ ಅನ್ನುತ್ತದೆ, ಸಣ್ಣ ಸಿಗ್ನಲ್ ಅದರಡಿ ಮುಳುಗಿಹೋಗುತ್ತದೆ. ಜಿಎಂ300 ಅದೇ ಜಾಗದಲ್ಲಿ ಶಾಂತವಾಗಿ ಕೂತು ಬೇಕಾದ ಸ್ಟೇಷನ್ ಒಂದನ್ನೇ ಕೇಳಿಸುತ್ತದೆ. ಈ ಆರು ವರ್ಷದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ.

ಫ್ರೀಕ್ವೆನ್ಸಿ ತೋರಿಸುವ ಪರದೆ ಇಲ್ಲ, ಬರೀ ಚಾನಲ್ ನಂಬರ್. ಅದಕ್ಕೇ ಮುಚ್ಚಳದ ಮೇಲೆ ಪಟ್ಟಿ ಅಂಟಿಸಿದ್ದೇನೆ. ಹೊಸ ರಿಪೀಟರ್ ಬಂದರೆ ಮತ್ತೆ ಹಳೆ ಲ್ಯಾಪ್‌ಟಾಪ್ ತೆಗೆಯಬೇಕು. ಊರೂರು ಸುತ್ತುವವರಿಗೆ ಇದು ಸರಿಹೋಗುವುದಿಲ್ಲ. ಬಿಸಿಯ ಕಡೆಗೂ ಗಮನ ಇರಲಿ. ಪೂರ್ತಿ ಪವರ್‌ನಲ್ಲಿ ಜಾಸ್ತಿ ಹೊತ್ತು ಮಾತಾಡಿದರೆ ಹಿಂದಿನ ರೆಕ್ಕೆಗಳನ್ನು ಮುಟ್ಟಲು ಆಗುವುದಿಲ್ಲ. ಪವರ್ ಅರ್ಧಕ್ಕೆ ಇಳಿಸಿ, ಸಣ್ಣ ಫ್ಯಾನ್ ಇಟ್ಟಿದ್ದೇನೆ.

ಕಳೆದ ಎರಡು ವರ್ಷದಿಂದ ಪ್ಯಾಕೆಟ್‌ಗೂ, ಅಂದರೆ ಕಂಪ್ಯೂಟರ್‌ನ ಸಂದೇಶಗಳನ್ನು ರೇಡಿಯೊದಲ್ಲಿ ಕಳಿಸಲೂ, ಇದೇ ಸೆಟ್. ಬೇಕಾದ್ದೆಲ್ಲ ಆ 16 ಪಿನ್‌ನಲ್ಲೇ ಇದೆ: 11ರಲ್ಲಿ ರಿಸೀವರ್ ಆಡಿಯೊ, 5ರಲ್ಲಿ ಟ್ರಾನ್ಸ್‌ಮಿಟ್ ಆಡಿಯೊ, 3ರಲ್ಲಿ ಪಿಟಿಟಿ, 7ರಲ್ಲಿ ಗ್ರೌಂಡ್. ಒಳಗಿನ ಜೆಯು551 ಅನ್ನುವ ಜಂಪರ್ (ಪಿನ್‌ಗಳನ್ನು ಸೇರಿಸುವ ಸಣ್ಣ ಕೊಂಡಿ) ಜಾಗ ಬದಲಿಸಿದರೆ 11ನೇ ಪಿನ್‌ಗೆ ಫಿಲ್ಟರ್ ಆಗದ ಆಡಿಯೊ ಬರುತ್ತದೆ. 9600 ಬಾಡ್ ವೇಗದ ಪ್ಯಾಕೆಟ್‌ಗೆ ಅದು ಬೇಕೇ ಬೇಕು, 1200ಕ್ಕೆ ಹಾಗೇ ಬಿಟ್ಟರೂ ನಡೆಯುತ್ತದೆ.

9ನೇ ಚಾನಲ್‌ನಲ್ಲಿ 145.825 ಮೆಗಾಹರ್ಟ್ಸ್ ಇಟ್ಟಿದ್ದೇನೆ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಪ್ಯಾಕೆಟ್‌ಗಳಿಗೆ. ನಿಲ್ದಾಣ ಹಾದುಹೋಗುವಾಗ ಸಿಗ್ನಲ್ ಮೂರೂವರೆ ಕಿಲೋಹರ್ಟ್ಸ್‌ನಷ್ಟು ಆಚೀಚೆ ಸರಿಯುತ್ತದೆ. 25 ಕಿಲೋಹರ್ಟ್ಸ್ ಚಾನಲ್‌ಗೆ ಮಾಡಿದ ಅಗಲದ ಫಿಲ್ಟರ್ ಅದನ್ನು ಆರಾಮಾಗಿ ನುಂಗಿಕೊಳ್ಳುತ್ತದೆ. ಮೊನ್ನೆ ಬೆಳಗಿನ ಜಾವ ನಿಲ್ದಾಣ ಹಾದುಹೋದಾಗ ನಾನು ಕಳಿಸಿದ ಪ್ಯಾಕೆಟ್ ಮೇಲಿನಿಂದ ವಾಪಸ್ ಬಂತು. ಕಂಪ್ಯೂಟರ್ ಪರದೆ ಮೇಲೆ ನನ್ನದೇ ಕಾಲ್‌ಸೈನ್ (ಲೈಸೆನ್ಸಿನ ಗುರುತು) ಕಂಡಾಗ ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.