ಸ್ಟಾಡ್ ಪ್ರೊ: ಬೀಮಿನ ಮೇಲಿನ ಲೋಡ್ ಚಿತ್ರವನ್ನು ಎಷ್ಟು ನಂಬಬಹುದು?

ಕಟ್ಟಡದ ಮೇಲಿನ ಬಲಗಳನ್ನು ಲೆಕ್ಕ ಹಾಕುವ, ಬೆಂಟ್ಲಿ ಕಂಪನಿಯ ಸಾಫ್ಟ್‌ವೇರ್ ಸ್ಟಾಡ್ ಪ್ರೊ ಎಷ್ಟು ಗಟ್ಟಿಯಾಗಿ ಲೆಕ್ಕ ಮಾಡುತ್ತದೆ ಎಂದು ಸ್ಟ್ರಕ್ಚರಲ್ ಎಂಜಿನಿಯರುಗಳಿಗೆ ಹೊಸದಾಗಿ ಹೇಳಬೇಕಿಲ್ಲ. ಇಲ್ಲಿ ನೋಡುವುದು ಒಂದೇ: ಸ್ಲ್ಯಾಬಿನಿಂದ ಬೀಮಿಗೆ ಇಳಿದ ಲೋಡನ್ನು ಅದು ಪರದೆಯ ಮೇಲೆ ಹೇಗೆ ತೋರಿಸುತ್ತದೆ, ಆ ಚಿತ್ರ ನೋಡಿ ತಪ್ಪು ಹಿಡಿಯಬಹುದೇ?

ಹಿಡಿಯಬಹುದು. ಆದರೆ ತೆರೆದ ಕೂಡಲೇ ಕಾಣುವ ಚಿತ್ರದಲ್ಲಿ ಅಲ್ಲ. ಲೋಡ್ ಕೇಸ್ (ಒಂದು ಬಗೆಯ ಲೋಡುಗಳ ಗುಂಪು) ಆರಿಸಿದಾಗ ಬಾಣಗಳು ಬರುತ್ತವೆ, ಅಂಕಿ ಬರುವುದಿಲ್ಲ. ಶಿಫ್ಟ್ ಜೊತೆ ವಿ ಒತ್ತಿದರೆ ಅಂಕಿ ಕಾಣುತ್ತದೆ. ಇಡೀ ಕಟ್ಟಡಕ್ಕೆ ಹೀಗೆ ಮಾಡಿದರೆ ಅಂಕಿಗಳು ಒಂದರ ಮೇಲೊಂದು ಬಿದ್ದು ಓದಲು ಆಗುವುದಿಲ್ಲ. ಒಂದೇ ಫ್ಲೋರಿನ ಬೀಮುಗಳನ್ನು ಆರಿಸಿ, ಅಷ್ಟನ್ನೇ ಪರದೆಯಲ್ಲಿ ಉಳಿಸಿಕೊಂಡು ನೋಡಬೇಕು. ಬಾಣ ತೀರಾ ಚಿಕ್ಕದಿದ್ದರೆ ಸ್ಕೇಲ್ ಟ್ಯಾಬಿನಲ್ಲಿರುವ ಸಂಖ್ಯೆಯನ್ನು ಇಳಿಸಿ, ಏರಿಸಬೇಡಿ. ಹೊಸಬರು ಎಡವುವುದು ಇಲ್ಲೇ.

ಈ ಸಾಫ್ಟ್‌ವೇರಿನ ನಿಜವಾದ ಲಾಭ ಫ್ಲೋರ್ ಲೋಡ್ ಹಂಚಿಕೆಯ ಚಿತ್ರದಲ್ಲಿದೆ. 4 ಮೀಟರ್ × 6 ಮೀಟರಿನ ಒಂದು ಪ್ಯಾನೆಲ್, ಅಂದರೆ ನಾಲ್ಕೂ ಕಡೆ ಬೀಮಿರುವ ಸ್ಲ್ಯಾಬಿನ ತುಂಡು, ತೆಗೆದುಕೊಳ್ಳಿ. 150 ಮಿಮೀ ಸ್ಲ್ಯಾಬಿಗೆ ಚದರ ಮೀಟರಿಗೆ 3.75 ಕಿಲೋನ್ಯೂಟನ್, ಫ್ಲೋರ್ ಫಿನಿಶಿಗೆ 1.25, ಒಟ್ಟು 5. 4 ಮೀಟರ್ ಬೀಮಿನ ಮೇಲೆ ತ್ರಿಕೋನ ಕಾಣಬೇಕು, ಬೀಮಿನ ನಡುವೆ ಅದರ ಶಿಖರದಲ್ಲಿ ಮೀಟರಿಗೆ 10 ಕಿಲೋನ್ಯೂಟನ್. 6 ಮೀಟರ್ ಬೀಮಿನ ಮೇಲೆ ಟ್ರೆಪಿಜಾಯ್ಡ್, ಎತ್ತರ ಅದೇ 10, ನಡುವೆ 2 ಮೀಟರ್ ಸಮತಟ್ಟು. ಗಿಡ್ಡ ಬೀಮಿಗೆ ತಲಾ 20, ಉದ್ದ ಬೀಮಿಗೆ ತಲಾ 40, ಕೂಡಿದರೆ 120 ಕಿಲೋನ್ಯೂಟನ್. 24 ಚದರ ಮೀಟರನ್ನು 5ರಿಂದ ಗುಣಿಸಿದರೂ ಅಷ್ಟೇ. ಒಂದು ಪ್ಯಾನೆಲ್ ಹೀಗೆ ತಾಳೆಯಾದರೆ ಉಳಿದವನ್ನು ಆಕಾರ ನೋಡಿಯೇ ಒಪ್ಪಬಹುದು.

ಯಾವುದೋ ಪ್ಯಾನೆಲ್ ಖಾಲಿ ಬಿದ್ದಿದ್ದರೆ ಅದರ ಸುತ್ತಿನ ಬೀಮುಗಳು ಒಂದು ಮುಚ್ಚಿದ ಚೌಕಟ್ಟಾಗಿ ಸೇರಿಲ್ಲ ಎಂದರ್ಥ. ಸೆಕೆಂಡರಿ ಬೀಮ್ ಮುಖ್ಯ ಬೀಮನ್ನು ದಾಟಿದ ಜಾಗದಲ್ಲಿ ನೋಡ್ (ಬೀಮುಗಳು ಸೇರುವ ಬಿಂದು) ಇರುವುದಿಲ್ಲ, ಅಥವಾ ಒಂದು ನೋಡ್ 3.000 ಮೀಟರ್ ಎತ್ತರದಲ್ಲಿ, ಪಕ್ಕದ್ದು 2.985ರಲ್ಲಿ ಕೂತಿರುತ್ತದೆ. ಬೀಮುಗಳು ದಾಟುವ ಜಾಗ ಹುಡುಕಿ ಒಡೆಯುವ ಸೌಲಭ್ಯ ಜಾಮೆಟ್ರಿ ಮೆನುವಿನಲ್ಲೇ ಇದೆ. ಲೋಡ್ ಯಾವ ಎತ್ತರದಿಂದ ಯಾವ ಎತ್ತರದವರೆಗೆ ಎಂದು ಹೇಳುವ ವೈ ರೇಂಜಿನಲ್ಲೂ ಎಚ್ಚರ ಬೇಕು: ಒಂದು ಫ್ಲೋರಿಗೆಂದು ಕೊಟ್ಟ ಲೋಡ್, ರೇಂಜ್ ಅಗಲವಾಗಿದ್ದರೆ ಮೇಲಿನ ಫ್ಲೋರಿಗೂ ಹೋಗಿ ಕೂರುತ್ತದೆ. ಬೀಮಿನ ಆಚೆ ಚಾಚಿದ ಸಜ್ಜಾ, ಬಾಲ್ಕನಿಗಳ ಹೊರ ಅಂಚಿನಲ್ಲಿ ಬೀಮ್ ಇಲ್ಲದಿದ್ದರೆ ಅವಕ್ಕೆ ಫ್ಲೋರ್ ಲೋಡ್ ಬೀಳುವುದೇ ಇಲ್ಲ. ಅದನ್ನು ಬೀಮಿನ ಮೇಲೆ ಕೈಯಿಂದಲೇ ಕೊಡಬೇಕು, ತಿರುಚುವ ಮೊಮೆಂಟನ್ನೂ ಸೇರಿಸಿ.

ಚಿತ್ರ ಬಾಯಿಬಿಡದ ತಪ್ಪು ಸೆಲ್ಫ್ ವೆಯ್ಟಿನದು, ಅಂದರೆ ಬೀಮಿನ ಸ್ವಂತ ತೂಕದ್ದು. ಜೊತೆಗೇ ಬರುವ ಕಾಂಕ್ರೀಟ್ ಮೆಟೀರಿಯಲ್‌ನ ಸಾಂದ್ರತೆ ಘನಮೀಟರಿಗೆ 23.56 ಕಿಲೋನ್ಯೂಟನ್, ಆರ್‌ಸಿಸಿಗೆ (ಕಬ್ಬಿಣ ಹಾಕಿದ ಕಾಂಕ್ರೀಟಿಗೆ) ನಾವು ಹಿಡಿಯುವುದು 25. 230 × 450 ಮಿಮೀ ಬೀಮಿಗೆ ಮೀಟರಿಗೆ 2.59 ಕಿಲೋನ್ಯೂಟನ್ ಬರಬೇಕಾದಲ್ಲಿ 2.44 ಬರುತ್ತದೆ. ಸಾಂದ್ರತೆಯನ್ನು ಮೊದಲೇ 25ಕ್ಕೆ ತಿದ್ದಿ.

ಇಳಿಜಾರು ಛಾವಣಿಯ ಬೀಮಿಗೆ ಲೋಡ್ ಕೊಡುವಾಗ ಆರಿಸುವ ಜಿವೈ, ಪಿವೈ ಎಂಬ ಎರಡು ದಿಕ್ಕುಗಳ ಬಾಣವೂ ಕೆಳಕ್ಕೇ. ಆದರೆ ಜಿವೈ ಬೀಮಿನ ಪೂರ್ತಿ ಉದ್ದಕ್ಕೆ, ಪಿವೈ ಪ್ಲಾನಿನಲ್ಲಿ ಕಾಣುವ ಉದ್ದಕ್ಕೆ. ಪ್ಲಾನಿನ ಲೆಕ್ಕದ ಲೋಡನ್ನು 30 ಡಿಗ್ರಿ ಇಳಿಜಾರಿನಲ್ಲಿ ಜಿವೈ ಎಂದು ಕೊಟ್ಟರೆ 15 ಶೇಕಡಾಕ್ಕಿಂತ ತುಸು ಹೆಚ್ಚೇ ಭಾರ ಬೀಳುತ್ತದೆ.

ಅನಾಲಿಸಿಸ್ ಆದ ಮೇಲೆ ಬೀಮಿನ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆಯುವ ಶಿಯರ್ ಬೆಂಡಿಂಗ್ ಟ್ಯಾಬ್ ತುಂಬಾ ಚೆನ್ನಾಗಿದೆ, ಬೀಮಿನ ಮೇಲೆ ಬೇಕಾದ ದೂರದಲ್ಲಿ ಶಿಯರ್, ಬೆಂಡಿಂಗ್ ಅಂಕಿ ಓದಬಹುದು. ಆದರೆ ಅಲ್ಲಿಗೆ ಹೋಗುವ ಮುಂಚೆ ಔಟ್‌ಪುಟ್ ಫೈಲಿನ ಸ್ಟ್ಯಾಟಿಕ್ಸ್ ಚೆಕ್ (ಒಟ್ಟು ಲೋಡನ್ನು ತೋರಿಸುವ ಭಾಗ) ತೆರೆದು, ವೈ ದಿಕ್ಕಿನ ಒಟ್ಟು ಲೋಡನ್ನು ಕೈಲೆಕ್ಕದ ಮೊತ್ತದ ಪಕ್ಕ ಇಡಿ. ಸರಿಸುಮಾರು 120 ಕಿಲೋನ್ಯೂಟನ್ ಕಡಿಮೆ ಬಂದರೆ, ಮೇಲೆ ಹೇಳಿದಂಥ ಒಂದು ಪ್ಯಾನೆಲ್ ಎಲ್ಲೋ ಖಾಲಿ ಉಳಿದಿದೆ.