ರಿಗ್ಗಿಂಗ್ ಮುಗಿದ ಕಯಾಕ್ ಕೊಳ್ಳುವ ಮೊದಲು ಅದರ ಫೋಮ್ ಹಾಸನ್ನು ಕಿತ್ತು ನೋಡಿ

ಗಾಳ ಹಾಕುವುದಕ್ಕೆಂದು ಹಳೆಯ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ಹುಡುಕುತ್ತಿರುವವರು, ಅದರಲ್ಲೂ "ರಿಗ್ಗಿಂಗ್ ಎಲ್ಲ ಮುಗಿದಿದೆ, ನೀರಿಗಿಳಿಸುವುದೊಂದೇ ಬಾಕಿ" (ರಿಗ್ಗಿಂಗ್ ಎಂದರೆ ಗಾಳಕ್ಕೆ ಬೇಕಾದ ಸಾಮಾನುಗಳನ್ನು ದೋಣಿಗೆ ಜೋಡಿಸುವ ಕೆಲಸ) ಎಂಬ ಮಾತು ನಂಬಿ ಮುಂಗಡ ಕಳಿಸಲು ಹೊರಟವರು, ದಯವಿಟ್ಟು ಇದನ್ನು ಪೂರ್ತಿ ಓದಿದ ಮೇಲೆ ಹಣ ಕಳಿಸಿ. ನಾನು ಒಂದೇ ಒಂದು ಸ್ಕ್ರೂ ಬಿಚ್ಚಿ ನೋಡದೆ 52,000 ರೂಪಾಯಿ ಕೊಟ್ಟೆ. ಮೂರನೆಯ ಸಲ ನೀರಿಗಿಳಿಸಿದ ದಿನ, ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯ ಅಳಿವೆಗೆ ಸ್ವಲ್ಪ ಒಳಗೆ, ಇಳಿತದ ಸೆಳೆತದಲ್ಲಿ ಆ ದೋಣಿ ನನ್ನನ್ನು ಮಗುಚಿ ಹಾಕಿತು. ಲೈಫ್ ಜಾಕೆಟ್ ಹಾಕಿಕೊಂಡಿದ್ದೆ, ಆದ್ದರಿಂದ ಇದನ್ನು ಬರೆಯುವುದು ಸಾಧ್ಯವಾಗಿದೆ.

ಇದನ್ನು ಬರೆಯಲು ಎರಡು ತಿಂಗಳು ಹಿಂಜರಿದೆ. ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದಿದವನು, ಇಪ್ಪತ್ತು ವರ್ಷ ವರ್ಕ್‌ಶಾಪಿನಲ್ಲಿ ದುಡಿದವನು. ಬೋಲ್ಟು, ನಟ್ಟು, ವಾಷರ್‌ಗಳ ವಿಷಯದಲ್ಲಿ ನನಗೆ ಮೋಸವಾಯಿತೆಂದು ಹೇಳಿಕೊಳ್ಳಲು ಮನೆಯವರ ಮುಂದೆಯೂ ಬಾಯಿ ಬರಲಿಲ್ಲ. ಆದರೆ ಕಳೆದ ವಾರ ಒಂದು ಸಂಗತಿ ಕಣ್ಣಿಗೆ ಬಿತ್ತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಅದನ್ನು ಕಂಡ ಮೇಲೆ ಸುಮ್ಮನಿರುವುದು ತಪ್ಪೆನಿಸಿತು.

ದೋಣಿ ಮೇಲೆ ಕುಳಿತು ನಡೆಸುವ ಮಾದರಿಯದು, ಸುಮಾರು 11 ಅಡಿ ಉದ್ದ, 30 ಕಿಲೋ ತೂಕ. ಮಾರಿದವನು ಬೆಂಗಳೂರಿನ ಕಡೆಯವನು. ಬರಿಯ ದೋಣಿ ಕೊಂಡು ಗಾಳದ ಕೋಲು ನಿಲ್ಲಿಸುವ ರಾಡ್ ಹೋಲ್ಡರ್, ಲಂಗರಿನ ಹಗ್ಗದ ವ್ಯವಸ್ಥೆ, ನೀರಿನಡಿಯ ಮೀನು ತೋರಿಸುವ ಫಿಶ್ ಫೈಂಡರ್ ಎಲ್ಲವನ್ನೂ ಮನೆಯಂಗಳದಲ್ಲಿ ನಾನೇ ಜೋಡಿಸಬೇಕೆಂಬುದು ನನ್ನ ಮೊದಲ ಆಲೋಚನೆಯಾಗಿತ್ತು. ಆತ ಫೋನಿನಲ್ಲಿ, "ಸರ್, ನೀವು ಯಾಕೆ ಕಷ್ಟ ಪಡ್ತೀರಿ, ರಿಗ್ಗಿಂಗ್‌ಗೇ ನಾನು 14,000 ಹಾಕಿದ್ದೀನಿ, ಎಲ್ಲಾ ಮೆರೈನ್ ಗ್ರೇಡ್, 316 ಸ್ಟೀಲ್, ಒಳಗಡೆ ಬ್ಯಾಕಿಂಗ್ ಪ್ಲೇಟ್ ಕೊಟ್ಟು ಬೋಲ್ಟ್ ಮಾಡಿರೋದು" ಎಂದ. 316 ಎಂದರೆ ಉಪ್ಪುನೀರನ್ನು ತಾಳುವ ಸ್ಟೇನ್‌ಲೆಸ್ ಸ್ಟೀಲ್, ಬ್ಯಾಕಿಂಗ್ ಪ್ಲೇಟ್ ಎಂದರೆ ಬೋಲ್ಟಿಗೆ ಒಳಗಿನಿಂದ ಕೊಡುವ ಆಸರೆಯ ತಟ್ಟೆ. ಆತ ಬಳಸಿದ ಒಂದೊಂದು ಪದವೂ ಸರಿಯಾದ ಪದವೇ. ಇವನು ಕೆಲಸ ಬಲ್ಲವನು ಎಂದುಕೊಂಡೆ. ಮುಂಗಡ 10,000 ಯುಪಿಐ ಮೂಲಕ ಹೋಯಿತು. ದೋಣಿ ಲಾರಿಯಲ್ಲಿ ಬ್ರಹ್ಮಾವರಕ್ಕೆ ಬಂದು ಇಳಿದಾಗ ಸಂಜೆ ಏಳು ಗಂಟೆ ದಾಟಿತ್ತು. ಟಾರ್ಚ್ ಬೆಳಕಿನಲ್ಲಿ ತಳ ನೋಡಿದೆ, ಗೀರುಗಳಿದ್ದವು, ಬಿರುಕು ಕಾಣಲಿಲ್ಲ. ಮೇಲ್ಭಾಗದಲ್ಲಿ ಕಾಲಿಡುವ ಜಾಗದಿಂದ ಹಿಂದಿನವರೆಗೂ ಬೂದು ಬಣ್ಣದ ಫೋಮ್ ಹಾಸನ್ನು ಅಂದವಾಗಿ ಅಂಟಿಸಿದ್ದ. "ಇದು ನನ್ನ ಕಡೆಯಿಂದ ಫ್ರೀ ಸರ್" ಎಂದಿದ್ದ. ನಾನು ಧನ್ಯವಾದ ಹೇಳಿದ್ದೆ. ಆ ಧನ್ಯವಾದ ಈಗಲೂ ನನ್ನ ಫೋನಿನಲ್ಲಿದೆ.

ಮೊದಲ ಎರಡು ಸಲ ಸೀತಾ ನದಿಯ ಶಾಂತವಾದ ನೀರಿನಲ್ಲಿ ಒಂದೊಂದು ಗಂಟೆ ಮಾತ್ರ ಹೋಗಿ ಬಂದೆ. ದಡಕ್ಕೆಳೆದು ಹಿಂಬದಿಯ ಡ್ರೈನ್ ಪ್ಲಗ್ ಬಿಚ್ಚಿದಾಗ ಮೊದಲ ದಿನ ಐದಾರು ಲೀಟರ್, ಎರಡನೆಯ ದಿನ ಅದಕ್ಕಿಂತ ಹೆಚ್ಚು ನೀರು ಬಂತು. ಕೇಳಿದಾಗ ಆತ, "ಹ್ಯಾಚ್ ಮುಚ್ಚಳದಿಂದ ಬರೋ ನೀರು ಸರ್, ಎಲ್ಲಾ ಕಯಾಕ್‌ನಲ್ಲೂ ಇರುತ್ತೆ" ಎಂದು ಬರೆದ. ಹ್ಯಾಚ್ ಎಂದರೆ ದೋಣಿಯ ಟೊಳ್ಳಿನೊಳಗೆ ಕೈ ಹಾಕಲು ಮೇಲ್ಭಾಗದಲ್ಲಿರುವ ಮುಚ್ಚಳದ ಬಾಯಿ. ಅಲ್ಲಿಂದ ಸ್ವಲ್ಪ ನೀರು ಸೇರುವುದು ನಿಜವೇ, ಆದ್ದರಿಂದಲೇ ನಾನು ಒಪ್ಪಿದೆ. ಆದರೆ ಅಲೆಯೇ ಇಲ್ಲದ ನದಿಯಲ್ಲಿ ಹ್ಯಾಚ್‌ನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಆ ಪ್ರಶ್ನೆಯನ್ನು ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಮೂರನೆಯ ದಿನ ಬೆಳಗ್ಗೆ ಕೆಂಬೇರಿ ಮೀನು ಸಿಗಬಹುದೆಂಬ ಆಸೆಯಿಂದ ಸೀತಾ ಮತ್ತು ಸ್ವರ್ಣಾ ನದಿಗಳು ಕೂಡುವ ಕಡೆಗೆ, ಹಂಗಾರಕಟ್ಟೆಯ ಎದುರಿನವರೆಗೆ ಹೋದೆ. ಎರಡು ಗಂಟೆಗೂ ಹೆಚ್ಚು ಕಾಲ ನೀರಿನಲ್ಲಿದ್ದೆ. ದೋಣಿ ಭಾರವಾದಂತೆ, ಹುಟ್ಟು ಹಾಕಿದರೆ ನಿಧಾನವಾಗಿ ಅತ್ತಿತ್ತ ತೂಗಿದಂತೆ ಅನ್ನಿಸುತ್ತಿತ್ತು. ಇಳಿತ ಜೋರಾಗಿದ್ದರಿಂದ ನಿಲ್ಲೋಣವೆಂದು ಲಂಗರು ಇಳಿಸಿ, ಹಗ್ಗವನ್ನು ಆತ ಸೀಟಿನ ಬಲಪಕ್ಕದಲ್ಲಿ ಕೂರಿಸಿದ್ದ ಕ್ಲೀಟಿಗೆ, ಅಂದರೆ ಹಗ್ಗ ಬಿಗಿಯುವ ಗೂಟಕ್ಕೆ, ಸುತ್ತಿದೆ. ಹಗ್ಗ ಬಿಗಿಯಾದ ಕೂಡಲೇ ದೋಣಿ ಹರಿವಿಗೆ ಅಡ್ಡಲಾಗಿ ತಿರುಗಿತು, ಬಲ ಅಂಚು ಕೆಳಗೆ ಹೋಯಿತು, ಒಳಗಿದ್ದ ನೀರೆಲ್ಲ ಅದೇ ಕಡೆಗೆ ನುಗ್ಗಿತು. ನಾನು ಚಾಕು ತೆಗೆಯುವಷ್ಟರಲ್ಲಿ ನೀರಿನೊಳಗಿದ್ದೆ.

ಇಲ್ಲಿ ಸ್ವಲ್ಪ ನಿಂತು ವಿವರಿಸಬೇಕು, ಏಕೆಂದರೆ ಆತ ಮುಂದೆ ಇದನ್ನೇ ನನ್ನ ಮೇಲೆ ಹೊರಿಸಿದ. ಹರಿಯುವ ನೀರಿನಲ್ಲಿ ಕಯಾಕ್‌ಗೆ ಲಂಗರನ್ನು ಮೂತಿಯಿಂದ ಅಥವಾ ಹಿಂತುದಿಯಿಂದ ಕಟ್ಟಬೇಕು, ಮಧ್ಯದ ಪಕ್ಕದಿಂದ ಎಂದೂ ಕಟ್ಟಬಾರದು. ಕುಳಿತವನ ಕೈ ತುದಿಗಳಿಗೆ ನಿಲುಕುವುದಿಲ್ಲವಾದ್ದರಿಂದಲೇ ಆಂಕರ್ ಟ್ರಾಲಿ ಎಂಬ ಏರ್ಪಾಡು ಇದೆ: ದೋಣಿಯ ಪಕ್ಕದುದ್ದಕ್ಕೂ ಎರಡು ರಾಟೆಗಳ ನಡುವೆ ಸುತ್ತುವ ಹಗ್ಗ, ಅದಕ್ಕೊಂದು ಬಳೆ; ಲಂಗರಿನ ಹಗ್ಗವನ್ನು ಬಳೆಯೊಳಗೆ ತೂರಿಸಿ, ಬಳೆಯನ್ನು ಎಳೆದು ತುದಿಗೆ ಕಳಿಸುವುದು. ಜಾಹೀರಾತಿನಲ್ಲಿ "ಆಂಕರ್ ಟ್ರಾಲಿ ಇದೆ" ಎಂದಿತ್ತು. ದೋಣಿಯಲ್ಲಿ ಎರಡು ರಾಟೆಗಳೂ ಇದ್ದವು. ಆದರೆ ಮುಂದಿನ ರಾಟೆಯನ್ನು ಮೂತಿಯ ಬಳಿ ಕೂರಿಸದೆ ನನ್ನ ಮೊಣಕಾಲಿನ ನೇರಕ್ಕೆ ಕೂರಿಸಿದ್ದ, ಹಿಂದಿನದನ್ನು ಸೀಟಿನ ಹಿಂದೆ. ಬಳೆ ಎಷ್ಟೇ ಎಳೆದರೂ ಮಧ್ಯದಲ್ಲೇ ಉಳಿಯುತ್ತಿತ್ತು. ಅದಕ್ಕಾಗಿಯೇ ನೇರವಾಗಿ ಕ್ಲೀಟಿಗೆ ಕಟ್ಟಿದೆ. ಆ ಗಳಿಗೆಯ ಆತುರ ನನ್ನ ತಪ್ಪು, ಒಪ್ಪುತ್ತೇನೆ.

ಪಾತಿ ದೋಣಿಯಲ್ಲಿ ಬಲೆ ಎಳೆಯುತ್ತಿದ್ದ ಇಬ್ಬರು ಬಂದು ನನ್ನನ್ನೂ ದೋಣಿಯನ್ನೂ ದಡಕ್ಕೆ ತಂದರು. ಎರಡು ಗಾಳದ ಕೋಲು, ಒಳ್ಳೆಯ ರೀಲ್ ಒಂದು, ಫೋನ್ ಹೋದವು. (ಸಂದೇಶಗಳೆಲ್ಲ ಹಳೆಯ ಖಾತೆಯಿಂದ ಹೊಸ ಫೋನಿಗೆ ಬಂದವು, ಅಷ್ಟು ಪುಣ್ಯ.) ಅವರಲ್ಲಿ ಹಿರಿಯರು ದೋಣಿಯ ಮೂತಿ ಎತ್ತಲು ಹೋಗಿ ಕೈಬಿಟ್ಟು, "ಎಂತ ಮಾರಾಯ್ರೆ ಇದು, ಹೊಟ್ಟೆ ತುಂಬ ನೀರು ಕುಡಿದಿದೆಯಲ್ಲ" ಎಂದರು. ಪ್ಲಗ್ ಬಿಚ್ಚಿ 18 ಲೀಟರಿನ ಪೇಂಟ್ ಬಕೆಟ್ ಹಿಡಿದೆವು. ಮೂರು ಬಕೆಟ್ ತುಂಬಿತು. 54 ಲೀಟರ್ ಎಂದರೆ 54 ಕಿಲೋ. ಆ ದೋಣಿ 180 ಕಿಲೋ ಹೊರುತ್ತದೆಂದು ತಯಾರಕರು ಹೇಳುತ್ತಾರೆ, ನಾನೂ ಸಾಮಾನೂ ಸೇರಿ ನೂರು ಕಿಲೋ ಮುಟ್ಟುವುದಿಲ್ಲ, ಆದ್ದರಿಂದ ಭಾರವೊಂದೇ ಅದನ್ನು ಮಗುಚಲಿಲ್ಲ. ಒಳಗಿನ ನೀರು ಕಟ್ಟಿಟ್ಟ ಮೂಟೆಯಲ್ಲ. ದೋಣಿ ಯಾವ ಕಡೆ ವಾಲುತ್ತದೋ ಆ ಕಡೆಗೇ ಓಡಿ ಅದನ್ನು ಇನ್ನಷ್ಟು ವಾಲಿಸುತ್ತದೆ.

ಮನೆಗೆ ತಂದು ಅಂಗಳದಲ್ಲಿ ಒಂದೊಂದಾಗಿ ಬಿಚ್ಚತೊಡಗಿದೆ. ಮೊದಲ ರಾಡ್ ಹೋಲ್ಡರಿನಲ್ಲಿ ನಾಲ್ಕು ಬೋಲ್ಟಿರಬೇಕು. ಇದ್ದದ್ದು ನಾಲ್ಕು ಸೆಲ್ಫ್ ಟ್ಯಾಪಿಂಗ್ ಸ್ಕ್ರೂ, ಮರದ ಕಪಾಟಿಗೆ ಹಾಕುವಂಥವು. ನನ್ನ ದೋಣಿಯ ಗೋಡೆ ಸುಮಾರು 5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್, ಅದರಲ್ಲಿ ಸ್ಕ್ರೂವಿನ ಎರಡು ಮೂರು ಎಳೆ ಮಾತ್ರ ಕಚ್ಚುತ್ತವೆ. ನಾಲ್ಕರಲ್ಲಿ ಮೂರನ್ನು ಬೆರಳಿನಿಂದಲೇ ಎಳೆದು ತೆಗೆದೆ. ಸುತ್ತಲೂ ಬಚ್ಚಲುಮನೆಯ ಟೈಲ್ಸಿಗೆ ಹಾಕುವ ಬಿಳಿ ಸಿಲಿಕೋನ್ ಬಳಿದಿದ್ದ. ಅದರ ಒಂದು ತುದಿ ಹಿಡಿದು ಎಳೆದರೆ ಹಾವಿನ ಪೊರೆಯಂತೆ ಅಖಂಡವಾಗಿ ಎದ್ದು ಬಂತು. ಈ ದೋಣಿಗಳು ನಮ್ಮ ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿನಂತೆಯೇ ಪಾಲಿಥೀನ್ ಪುಡಿಯನ್ನು ಅಚ್ಚಿನಲ್ಲಿ ಹಾಕಿ, ಕಾಯಿಸಿ, ತಿರುಗಿಸಿ ಮಾಡಿದವು. ಪಾಲಿಥೀನಿಗೆ ಸಿಲಿಕೋನ್ ಆಗಲಿ, ಸಾಮಾನ್ಯ ಎಪಾಕ್ಸಿ ಆಗಲಿ ನೆಚ್ಚುವಷ್ಟು ಅಂಟುವುದಿಲ್ಲ. ನೀರನ್ನು ತಡೆಯಬೇಕಾದದ್ದು ಅಂಟಲ್ಲ, ಒಳಗಿನ ಅಗಲವಾದ ವಾಷರ್ ಮತ್ತು ಹೊರಗಿನ ರಬ್ಬರ್ ನಡುವೆ ಬೋಲ್ಟಿನ ಬಿಗಿತ. ಇಲ್ಲಿ ಬೋಲ್ಟೂ ಇಲ್ಲ, ವಾಷರೂ ಇಲ್ಲ, ಪ್ಲೇಟಂತೂ ಇಲ್ಲವೇ ಇಲ್ಲ. ಹ್ಯಾಚ್‌ನೊಳಗೆ ಕೈ ಹಾಕಿ ಸವರಿದ್ದರೆ ಮೊದಲ ದಿನವೇ ಸ್ಕ್ರೂ ಮೊನೆಗಳು ಬೆರಳಿಗೆ ಚುಚ್ಚುತ್ತಿದ್ದವು.

ಆಮೇಲೆ ಹಾಸು ಕಿತ್ತೆ. ಮೋಸಹೋದೆನೆಂದು ಮೈಯೆಲ್ಲ ಉರಿದ ಗಳಿಗೆ ಅದು, ನದಿಯಲ್ಲಿ ಬಿದ್ದಾಗಲೂ ಅಷ್ಟು ಉರಿದಿರಲಿಲ್ಲ. ಹಾಸಿನ ಕೆಳಗೆ ಹಳೆಯ ತೂತುಗಳಿದ್ದವು. ಒಂದಲ್ಲ, ಎರಡಲ್ಲ, ಹದಿನೇಳು. ಮೊದಲು ಎಲ್ಲೆಲ್ಲೋ ಸಾಮಾನು ಕೂರಿಸಿ, ಸರಿಬರದೆ ಕಿತ್ತು, ಮತ್ತೆ ಕೊರೆದು, ಆ ತೂತುಗಳಿಗೆ ಬಿಸಿ ಅಂಟಿನ ಕಡ್ಡಿ ಕರಗಿಸಿ ತುಂಬಿ, ಮೇಲೆ ದೋಣಿಯ ಬಣ್ಣಕ್ಕೆ ಹೊಂದುವ ಮಾರ್ಕರ್ ಹಚ್ಚಿ, ಎಲ್ಲದರ ಮೇಲೆ ಫ್ರೀ ಹಾಸು ಹಾಸಿದ್ದ. ಮರೆತು ಉಳಿದ ತಪ್ಪಾಗಿದ್ದರೆ ಬಣ್ಣ ಯಾಕೆ ಹಚ್ಚುತ್ತಿದ್ದ? ಬಣ್ಣ ಹಚ್ಚಿದವನಿಗೆ ತೂತು ಗೊತ್ತಿತ್ತು. ಆ ಹಾಸಿಗಾಗಿ ನಾನು ಧನ್ಯವಾದ ಹೇಳಿದ್ದೆ.

ಇನ್ನೂ ಕೆಟ್ಟದ್ದು ಸೀಟಿನ ಹಿಂದಿನ ಸ್ಕಪರ್ ರಂಧ್ರ. ಮೇಲೆ ಬಿದ್ದ ನೀರು ಇಳಿದುಹೋಗಲೆಂದು ದೋಣಿಯ ಮೂಲಕ ಕೆಳಗಿನವರೆಗೆ ಇರುವ ಈ ಕೊಳವೆಗಳ ಗೋಡೆಯೇ ಇಡೀ ದೋಣಿಯಲ್ಲಿ ಸುಲಭವಾಗಿ ಸೀಳುವ ಜಾಗ, ಮತ್ತು ಅವು ನೀರಿನ ಮಟ್ಟಕ್ಕಿಂತ ಕೆಳಗಿರುತ್ತವೆ. ಆ ಗೋಡೆಗೆ ಆತ ಫಿಶ್ ಫೈಂಡರಿನ ನೀರಿಗಿಳಿಯುವ ಸಂವೇದಕವನ್ನು ಸ್ಕ್ರೂ ಹೊಡೆದು ಕೂರಿಸಿದ್ದ. ಸ್ಕ್ರೂವಿನಿಂದ ಹೊರಟ ಬಿರುಕು ನನ್ನ ಕಿರುಬೆರಳಿನಷ್ಟು ಉದ್ದವಿತ್ತು. ಬಹುಪಾಲು ನೀರು ನುಗ್ಗಿದ್ದು ಅಲ್ಲಿಂದಲೇ.

ಫೋಟೋಗಳನ್ನೆಲ್ಲ ಕಳಿಸಿದೆ. ಮೊದಲ ಉತ್ತರ: "ನಾನು ಕೆರೆಯಲ್ಲಿ ಎರಡು ವರ್ಷ ಓಡಿಸಿದ್ದೀನಿ ಸರ್, ಒಂದು ಹನಿ ಬಂದಿಲ್ಲ." ಹಾಗಾದರೆ ಹ್ಯಾಚ್‌ನಿಂದ ಎಲ್ಲ ಕಯಾಕ್‌ಗೂ ನೀರು ಬರುತ್ತದೆಂದು ಬರೆದವರು ಯಾರು ಎಂದು ಕೇಳಿದೆ. ಅದಕ್ಕೆ ಉತ್ತರವಿಲ್ಲ. ಎರಡನೆಯದು: "ನೀವು ಸೈಡಿಂದ ಆಂಕರ್ ಹಾಕಿದ್ರಿ, ಅದು ನಿಮ್ಮ ತಪ್ಪು, ಬೇಸಿಕ್ ಗೊತ್ತಿಲ್ದೆ ನದಿಗೆ ಇಳೀಬಾರ್ದು." ಕ್ಲೀಟನ್ನು ಸೀಟಿನ ಪಕ್ಕದಲ್ಲಿ ಕೂರಿಸಿ, ಟ್ರಾಲಿಯ ಹಗ್ಗವನ್ನು ಮೂರು ಅಡಿಗೆ ಮುಗಿಸಿ, ಅದಕ್ಕೆ ಹಣ ಎಣಿಸಿಕೊಂಡವನು ಬರೆದ ಮಾತಿದು. ಈ ಸಂದೇಶವನ್ನು ಎಷ್ಟು ಸಲ ಓದಿದ್ದೇನೆಂದರೆ ಕಣ್ಣು ಮುಚ್ಚಿದರೂ ಕಾಣುತ್ತದೆ.

ಸ್ಕ್ರೂಗಳಿಗೆ ಅಯಸ್ಕಾಂತ ಅಂಟಿದ ಫೋಟೋಗೆ, "ಮ್ಯಾಗ್ನೆಟ್ ಹಿಡಿದ್ರೆ 316 ಅಲ್ಲ ಅಂತ ಯಾರ್ರೀ ಹೇಳಿದ್ದು" ಎಂದ. ಅಲ್ಲಿಗೆ "ಸರ್" ಹೋಗಿ "ರೀ" ಬಂದಿತ್ತು. ಅಯಸ್ಕಾಂತವೊಂದನ್ನೇ ನಂಬಬಾರದೆಂಬುದು ನಿಜ. ಸ್ಟೇನ್‌ಲೆಸ್ ಸ್ಕ್ರೂ ಕೂಡ ತಯಾರಾಗುವಾಗಿನ ಒತ್ತಡದಿಂದ ಸ್ವಲ್ಪ ಸೆಳೆಯಬಹುದು, 304 ಮತ್ತು 316 ಎಂಬ ಎರಡು ಬಗೆಯ ಸ್ಟೇನ್‌ಲೆಸ್‌ನ ವ್ಯತ್ಯಾಸವನ್ನಂತೂ ಅಯಸ್ಕಾಂತ ಹೇಳುವುದೇ ಇಲ್ಲ. ಆದರೆ ಮೂರು ಸಲ ಉಪ್ಪುನೀರು ಸೋಕಿದ್ದಕ್ಕೇ ತಲೆಯಿಂದ ಮೊನೆಯವರೆಗೆ ಕೆಂಪಗೆ ತುಕ್ಕು ಹಿಡಿದು ಪದರ ಏಳುವುದು ಸತುವಿನ ಲೇಪದ ಮಾಮೂಲಿ ಸ್ಕ್ರೂ. ಇದನ್ನು ಬರೆದದ್ದಕ್ಕೆ, "ಸೆಕೆಂಡ್ ಹ್ಯಾಂಡಿಗೆ ಗ್ಯಾರಂಟಿ ಎಲ್ಲಿರುತ್ತೆ? ಬೇಕಾದ್ರೆ ಒಂದು ಟ್ಯೂಬ್ ಸಿಲಿಕೋನ್ ಕಳಿಸ್ತೀನಿ" ಎಂದ. ನಾನು ಸಾಯಬಹುದಿತ್ತು ಎಂದು ಬರೆದೆ. ಆಮೇಲೆ ನನ್ನ ನಂಬರ್ ಬ್ಲಾಕ್ ಆಯಿತು.

ಕೊಳ್ಳುವವರಿಗೆ ಹೇಳುವುದಿಷ್ಟು. ರಾತ್ರಿ ದೋಣಿ ಇಳಿಸಿಕೊಳ್ಳಬೇಡಿ. ಫೋಮ್ ಹಾಸಿದ್ದರೆ ಹಣ ಕೊಡುವ ಮೊದಲು ಕೀಳಿಸಿ, ಮಾರುವವನು ಒಪ್ಪದಿದ್ದರೆ ಹಿಂದೆ ಬನ್ನಿ. ಹ್ಯಾಚ್‌ನೊಳಗೆ ಟಾರ್ಚ್ ಬಿಟ್ಟು ಪ್ರತಿ ಬೋಲ್ಟಿನ ಹಿಂದೆ ಸಡಿಲವಾಗದ ನೈಲಾಕ್ ನಟ್ಟೂ ಅಗಲವಾದ ವಾಷರೂ ಇದೆಯೇ ನೋಡಿ. ಕೈ ನಿಲುಕದ ಜಾಗದಲ್ಲಿ ರಬ್ಬರ್ ಕವಚದೊಳಗೆ ಹಿತ್ತಾಳೆಯ ಎಳೆ ಇರುವ ವೆಲ್ ನಟ್ ಅಥವಾ ಒಳಗೆ ಮೂರು ಎಸಳಾಗಿ ಬಿಚ್ಚಿಕೊಳ್ಳುವ ರಿವೆಟ್ ಇರಬೇಕು, ಮೊನಚು ಸ್ಕ್ರೂ ಇರಬಾರದು. ಡ್ರೈನ್ ರಂಧ್ರದಿಂದ ಎರಡು ಮೂರು ಬಕೆಟ್ ನೀರು ಒಳಗೆ ಸುರಿದು, ಪ್ಲಗ್ ಹಾಕಿ, ಇಬ್ಬರು ಹಿಡಿದು ಎಲ್ಲ ಕಡೆಗೂ ವಾಲಿಸಿ. ಎಲ್ಲಿ ಒಸರುತ್ತದೋ ಅಲ್ಲೆಲ್ಲ ಒಳಗೂ ಬರುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಬರಿಯ ದೋಣಿ ಕೊಂಡು ತೂತು ನೀವೇ ಕೊರೆಯುವುದು. ಆಗ ಎಷ್ಟು ತೂತಿವೆಯೆಂದು ನಿಮಗೆ ಗೊತ್ತಿರುತ್ತದೆ.

ನನ್ನ ದೋಣಿಯ ಬಿರುಕನ್ನು ನೀರಿನ ಟ್ಯಾಂಕ್ ದುರಸ್ತಿ ಮಾಡುವವರೊಬ್ಬರು ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ಬೆಸುಗೆ ಹಾಕಿಕೊಟ್ಟಿದ್ದಾರೆ. ಹದಿನೇಳರಲ್ಲಿ ಆರು ತೂತು ಮುಚ್ಚಿವೆ, ಹನ್ನೊಂದು ಉಳಿದಿವೆ.

ಕಳೆದ ವಾರ ಕಂಡ ಸಂಗತಿ ಇದು: ಅದೇ ವ್ಯಕ್ತಿ ಇನ್ನೊಂದು ಕಯಾಕ್ ಮಾರಾಟಕ್ಕಿಟ್ಟಿದ್ದಾನೆ, ಹಸಿರು ಬಣ್ಣದ್ದು, "ಫುಲ್ ರಿಗ್ಗಿಂಗ್, ಮೆರೈನ್ ಗ್ರೇಡ್" ಎಂದು ಬರೆದು. ಫೋಟೋದಲ್ಲಿ ಕ್ಲೀಟ್ ಸೀಟಿನ ಬಲಪಕ್ಕದಲ್ಲಿದೆ, ಮುಂದಿನ ರಾಟೆ ಮೊಣಕಾಲಿನ ನೇರಕ್ಕಿದೆ, ಕಾಲಿಡುವ ಜಾಗದಿಂದ ಹಿಂದಿನವರೆಗೂ ಬೂದು ಬಣ್ಣದ ಹಾಸಿದೆ.